ಮೂಲೆ ಹರಿದ ಕಾಪಿ ಹಾಳೆ

ಆ ಶುಕ್ರವಾರ ಕನ್ನಡ ಮೇಡಂ ಚೀಟಿಯನ್ನು ಓದಿದರೋ, ಬರೀ ನೋಡಿ ಮಡಚಿದರೋ ಎಂಬುದು ನನಗೆ ಈಗ ಖಚಿತವಿಲ್ಲ. ಈ ಪ್ರಸಂಗವನ್ನು ತರಬೇತಿಗಳಲ್ಲಿ ಹಲವು ಸಲ ಹೇಳಿದ್ದೇನೆ. ಮೊದಮೊದಲು ಹೇಳುವಾಗ ಅವರು ಚಾಳೀಸು ಹಾಕಿಕೊಂಡು ಓದುತ್ತಿದ್ದರು. ಆಮೇಲೆ ಯಾವಾಗಲೋ ಅವರು ಚಾಳೀಸು ತೆಗೆದುಬಿಟ್ಟರು. ಇನ್ನೊಂದು ಸಲ ಕಿಟಕಿಯಾಚೆ ನೋಡಿದರು. ಕೇಳುವವರು ತಲೆದೂಗಿದ ಕಡೆಯಲ್ಲೆಲ್ಲ ನನ್ನ ನೆನಪು ಒಂದಿಷ್ಟು ಬದಲಾಗಿದೆ. ಮನಶ್ಶಾಸ್ತ್ರದ ಎಂ.ಎಸ್ಸಿ.ಯಲ್ಲಿ ನೆನಪು ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಪರೀಕ್ಷೆಗೆ ಓದಿ ಒಳ್ಳೆಯ ಅಂಕ ತೆಗೆದಿದ್ದೆ. ಅದರಿಂದ ಮೋಸವೇನೂ ತಪ್ಪಲಿಲ್ಲ. ಆ ದಿನ ಡೈರಿಯಲ್ಲಿ ಬರೆದುಕೊಂಡದ್ದು ಇಷ್ಟೇ: "ಪೆಟ್ಟಿಗೆ: ಹನ್ನೊಂದು ಚೀಟಿ. ಒಂದು ಗಂಭೀರ. ಬರೆದವರನ್ನು ಗುರುತಿಸಿಲ್ಲ."

ಗುರುತಿಸಿಲ್ಲ ಎಂಬುದು ನನ್ನ ಮಟ್ಟಿಗೆ ನಿಜ. ಮೇಡಂ ಮಟ್ಟಿಗೂ ನಿಜವೇ ಎಂಬ ಪ್ರಶ್ನೆ ಮಾತ್ರ ಬಹಳ ಕಾಲ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣವಿದೆ. ಅವರಿಗೆ ಗೊತ್ತಿರದಿದ್ದರೆ, ನಾವಿಬ್ಬರೂ ಸೇರಿ ಒಂದು ಮಗುವನ್ನು ನಾಲ್ಕು ದಿನ ಒಂಟಿಯಾಗಿ ಬಿಟ್ಟಂತೆ.

ಆಗ ನಾನು ಒಂದು ಸಂಸ್ಥೆಯ ಪರವಾಗಿ ಶಿಕಾರಿಪುರ ಮತ್ತು ಸೊರಬ ತಾಲೂಕಿನ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ಆಪ್ತಸಮಾಲೋಚಕನಾಗಿ ಹೋಗುತ್ತಿದ್ದೆ. ಸೋಮವಾರ, ಬುಧವಾರ ಸೊರಬದ ಕಡೆ. ಮಂಗಳವಾರ, ಶುಕ್ರವಾರ ಅಂಜನಾಪುರ ಜಲಾಶಯದ ಚಾನೆಲ್ಲಿನ ನೀರು ಹರಿಯುವ ಬಯಲಿನಲ್ಲಿರುವ ಈ ಶಾಲೆ. ಮೊದಲ ದಿನ ಮುಖ್ಯ ಶಿಕ್ಷಕರು ಪ್ರಾರ್ಥನೆಯ ಹೊತ್ತಿಗೆ ನನ್ನನ್ನು "ಕೌನ್ಸೆಲಿಂಗ್ ಸರ್" ಎಂದು ಪರಿಚಯಿಸಿದರು. ಕೌನ್ಸೆಲಿಂಗ್ ಅಂದರೆ ಶಿಕ್ಷಕರಿಗೆ ಗೊತ್ತಿದ್ದದ್ದು ವರ್ಗಾವಣೆಯದು. ಮಧ್ಯಾಹ್ನದೊಳಗೆ ಇಬ್ಬರು ಬಂದು, ಶಿವಮೊಗ್ಗದ ಹತ್ತಿರ ಯಾವುದಾದರೂ ಜಾಗ ಖಾಲಿ ಇದೆಯೇ ಎಂದು ಮೆಲ್ಲಗೆ ವಿಚಾರಿಸಿದರು.

ನನ್ನ ಚೀಲದಲ್ಲಿ ಎರಡು ಸಾಮಾನುಗಳಿದ್ದವು. ಒಂದು, ನಗುವ ಮುಖದಿಂದ ಅಳುವ ಮುಖದವರೆಗೆ ಐದು ಮುಖಗಳಿದ್ದ ಚಾರ್ಟು. ಇನ್ನೊಂದು, ಮಕ್ಕಳು ಟಿಕ್ ಹಾಕಬೇಕಾದ ಪ್ರಶ್ನಾವಳಿ. ಪ್ರಶ್ನಾವಳಿ ಹಂಚಿದ ದಿನ ಮಕ್ಕಳು ತಮ್ಮಷ್ಟಕ್ಕೇ ದೂರ ದೂರ ಕೂತು, ಪಕ್ಕದವರಿಗೆ ಕಾಣದಂತೆ ಕೈ ಅಡ್ಡ ಇಟ್ಟು ಬರೆದರು. ಒಬ್ಬಳು ಎದ್ದು ನಿಂತು, "ನನಗೆ ಆಗಾಗ ಬೇಸರವಾಗುತ್ತದೆ" ಎಂಬುದಕ್ಕೆ ಸರಿಯುತ್ತರ ಯಾವುದು ಎಂದು ಕೇಳಿದಳು. ಚಾರ್ಟಿನಲ್ಲಿ ಎಲ್ಲರೂ ನಗುವ ಮುಖವನ್ನೇ ತೋರಿಸಿದರು. ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ನನಗೊಂದು ಮೇಜು ಹಾಕಿಸಿಕೊಟ್ಟಿದ್ದರು. ಒಳಗೆ ಹೋದವರು ಯಾರು ಎಂಬುದು ಇಡೀ ಮೈದಾನಕ್ಕೆ ಕಾಣುತ್ತಿತ್ತು. ಮಕ್ಕಳು ಅದಕ್ಕೆ "ತಲೆ ರಿಪೇರಿ ರೂಮು" ಎಂದು ಹೆಸರಿಟ್ಟರು. ಒಂದು ತಿಂಗಳಲ್ಲಿ ಅಲ್ಲಿಗೆ ಬಂದವರೆಲ್ಲ ವಾಲಿಬಾಲ್ ತೆಗೆದುಕೊಳ್ಳಲು ಬಂದವರು.

ಹಾಗಾಗಿ ಪೆಟ್ಟಿಗೆ ಇಟ್ಟೆ. ಬಿಸಿಯೂಟದ ಖಾಲಿ ಎಣ್ಣೆ ಡಬ್ಬಕ್ಕೆ ನೀಲಿ ಬಣ್ಣ ಹೊಡೆಸಿ, ಸೀಳು ಕತ್ತರಿಸಿ, ಬೀಗ ಹಾಕಿ, ಕೈ ತೊಳೆಯುವ ನಲ್ಲಿಗಳ ಪಕ್ಕದ ಗೋಡೆಗೆ ಹೊಡೆಸಿದೆ. ಅಲ್ಲಿ ಯಾರು ನಿಂತರೂ ಅನುಮಾನ ಬರುವುದಿಲ್ಲ. ಮೇಲೆ "ಹೆಸರು ಬರೆಯಬೇಕಿಲ್ಲ" ಎಂದು ಬರೆಸಿದೆ. ಬೀಗದ ಕೈ ನನ್ನ ಬಳಿ ಮಾತ್ರ. ಪ್ರತಿ ಶುಕ್ರವಾರ ಊಟದ ನಂತರ ತೆರೆಯುವುದು. ಸಾರು ನೀರಾಗಿದೆ, ಪಿ.ಟಿ. ಮೇಷ್ಟ್ರು ಸೀಟಿ ಕಿವಿಯಲ್ಲೇ ಊದುತ್ತಾರೆ, ಕೌನ್ಸೆಲಿಂಗ್ ಸರ್‌ಗೆ ಮದುವೆ ಆಗಿದೆಯಾ, ಇಂಥ ಚೀಟಿಗಳು ಬರತೊಡಗಿದವು.

ಕನ್ನಡ ಮೇಡಂ ಬಗ್ಗೆ ಆಗ ನನಗೆ ಅಂಥ ಗೌರವವೇನೂ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಅವರು ಶಿಕಾರಿಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು, ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಪ್ರೌಢಶಾಲೆಯಲ್ಲೂ ಕಾಪಿ ಬರೆಸುತ್ತಿದ್ದವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ. ಎರಡು ಗೆರೆಯ ಕಾಪಿ ಪುಸ್ತಕ, ದಿನಕ್ಕೊಂದು ಪುಟ. ಬೋರ್ಡಿನ ಮೇಲೆ ಅವರು ಒಂದು ವಾಕ್ಯ ಬರೆಯುತ್ತಾರೆ, ಮಕ್ಕಳು ಅದನ್ನು ಪುಟದ ಕೊನೆಯ ತನಕ ಬರೆಯುತ್ತಾರೆ. ಕೊನೆಯ ಒಂದು ಸಾಲು ಮಾತ್ರ ಅವರವರ ಸ್ವಂತದ್ದು. ಏನು ಬೇಕಾದರೂ ಬರೆಯಬಹುದು, ಬಿಡಬಹುದು. "ನಮ್ಮ ಎಮ್ಮೆ ಕರು ಹಾಕಿತು." "ಇವತ್ತು ಶೂ ಒದ್ದೆ." ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಪದ ಬರೆದು, ಸಹಿ ಹಾಕಿ, ತಾರೀಖು ನಮೂದಿಸುತ್ತಾರೆ. "ಹೆಣ್ಣು ಕರುವೋ?" "ಬಿಸಿಲಿಗಿಡು."

ಪುಸ್ತಕದ ಬಗ್ಗೆ ಅವರದು ಕಟ್ಟುನಿಟ್ಟು. ಜೂನ್ ತಿಂಗಳ ಮೊದಲ ತರಗತಿಯಲ್ಲೇ ಪ್ರತಿ ಪುಟದ ಮೇಲಿನ ಹೊರ ಮೂಲೆಯಲ್ಲಿ ಮಕ್ಕಳ ಕೈಯಿಂದ ಸಂಖ್ಯೆ ಹಾಕಿಸುತ್ತಿದ್ದರು. ಹಾಳೆ ಕಿತ್ತರೆ ಹತ್ತು ಪುಟ ದಂಡ. ಕಾಗದದ ವಿಮಾನಕ್ಕೆ ಹಾಳೆ ಕಿತ್ತ ಒಬ್ಬ ಹುಡುಗ ಊಟದ ಹೊತ್ತಿನಲ್ಲೂ ಕೂತು ಬರೆಯುತ್ತಿದ್ದುದನ್ನು ನೋಡಿ, ಇದು ಯಾವ ಕಾಲದ ಶಿಕ್ಷಣ ಎಂದು ಅಸಹನೆಪಟ್ಟಿದ್ದೆ. ಸಂಸ್ಥೆಗೆ ಕಳಿಸಿದ ವರದಿಯಲ್ಲಿ "ಯಾಂತ್ರಿಕ ಅಭ್ಯಾಸ" ಎಂದೂ ಬರೆದಿದ್ದೆ.

ಸೆಪ್ಟೆಂಬರಿನ ಒಂದು ಶುಕ್ರವಾರ ಆ ಚೀಟಿ ಬಂತು. ಎರಡು ಗೆರೆಯ ಕಾಪಿ ಹಾಳೆ. ಮೇಲಿನ ಒಂದು ಮೂಲೆ ಹರಿದಿತ್ತು, ಅವಸರದಲ್ಲಿ ಕಿತ್ತದ್ದಿರಬೇಕು ಎಂದುಕೊಂಡೆ. ಅಚ್ಚಿನಂತೆ ದುಂಡಗಿನ ಅಕ್ಷರ. ಆ ಚೀಟಿ ಇನ್ನೂ ನನ್ನ ಫೈಲಿನಲ್ಲಿರುವುದರಿಂದ ಇದರಲ್ಲಿ ನೆನಪಿನ ಮಾತಿಲ್ಲ: "ನಾನು ಬಾಯಿ ತೆರೆದರೆ ತರಗತಿಯವರು ನಗುತ್ತಾರೆ. ಈಗ ಮಾತಾಡುವುದನ್ನೇ ಬಿಟ್ಟಿದ್ದೇನೆ. ಯಾವುದೂ ಬೇಡ ಅನ್ನಿಸುತ್ತದೆ. ದಸರಾ ರಜೆ ಮುಗಿದ ಮೇಲೆ ನಾನು ಬರುವುದಿಲ್ಲ. ಯಾರಿಗೂ ಹೇಳಬೇಡಿ."

ಮೂರನೆಯ ವಾಕ್ಯದಲ್ಲಿ ನಾನು ನಿಂತೆ. ನಮ್ಮ ಕೆಲಸದಲ್ಲಿ ಅಂಥ ವಾಕ್ಯ ಬಂದರೆ ಮಾಡಬೇಕಾದ್ದು ಸ್ಪಷ್ಟವಿದೆ. ಮಗು ಯಾರೆಂದು ತಿಳಿಯಬೇಕು, ಅದೇ ದಿನ ಮಾತಾಡಬೇಕು, ಮನೆಯಲ್ಲಿ ಯಾರಾದರೂ ದೊಡ್ಡವರು ಜೊತೆಗಿರುವಂತೆ ನೋಡಿಕೊಳ್ಳಬೇಕು. ಗುಟ್ಟು ಕಾಪಾಡುವ ಮಾತು ಜೀವಕ್ಕಿಂತ ದೊಡ್ಡದಲ್ಲ. ನಾನು ಚೀಟಿಯನ್ನು ಮುಖ್ಯ ಶಿಕ್ಷಕರಿಗೆ ತೋರಿಸಿದೆ. ತೋರಿಸಿದ್ದು ತಪ್ಪಲ್ಲ. ಆದರೆ ಅವರ ಮುಖ ಬಿಳಿಚಿಕೊಂಡದ್ದನ್ನು ನೋಡಿ, ಇನ್ನು ಈ ವಿಷಯ ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದು ಅರ್ಥವಾಯಿತು.

ಅವರು ಕೆಟ್ಟವರಲ್ಲ, ಹೆದರಿದ್ದರು. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಯ ಕಾಪಿ ಪುಸ್ತಕ ತರಿಸಿ ಅಕ್ಷರ ತಾಳೆ ನೋಡೋಣ, ಅರ್ಧ ತಾಸಿನ ಕೆಲಸ ಎಂದರು. ನಾನು ಬೇಡವೆನ್ನಲಿಲ್ಲ. ಮನಸ್ಸಿನಲ್ಲಿ ಆಗಲೇ ಒಪ್ಪಿಯಾಗಿತ್ತು. ಆ ಪುಸ್ತಕಗಳಿಗೆಲ್ಲ ದಿನವೂ ಸಹಿ ಹಾಕುವವರು ಕನ್ನಡ ಮೇಡಂ ಆದ್ದರಿಂದ ಮೊದಲು ಅವರನ್ನೇ ಕರೆಸಿದರು.

ಅವರು ಚೀಟಿ ಕೈಗೆ ತೆಗೆದುಕೊಂಡರು. ಮೊದಲಿಗೇ ಹೇಳಿದಂತೆ ಮುಂದಿನ ಎರಡು ಕ್ಷಣ ನನಗೆ ಸ್ಪಷ್ಟವಿಲ್ಲ. ಮಾತುಗಳು ಮಾತ್ರ ಬಹುಮಟ್ಟಿಗೆ ಇವೇ.

"ಗೊತ್ತಾಗಲ್ಲ ಸರ್. ಹುಷಾರಾಗಿ ಅಚ್ಚಿನ ಹಂಗೆ ಬರ್ದಾರೆ."

"ನಿಮಗೇ ಗೊತ್ತಾಗಲ್ಲ ಅಂದ್ರೆ ಹೆಂಗ್ರೀ," ಎಂದರು ಮುಖ್ಯ ಶಿಕ್ಷಕರು. "ಹೆಸರಿಲ್ದಿರೋ ಪೇಪರ್ ಕೊಟ್ರೂ ಇದು ಇಂಥವ್ರದ್ದು ಅಂತ ಹೇಳೋರು ನೀವು."

"ಚಾಳೀಸು ಬದಲಾಯಿಸ್ಬೇಕಾಗೈತಿ, ಸರ್."

ಮುಖ್ಯ ಶಿಕ್ಷಕರು ಪುಸ್ತಕ ತರಿಸಲು ಜವಾನನನ್ನು ಕೂಗಿದರು. ಮೇಡಂ ಹೊರಗೆ ಬಂದು ಜಗುಲಿಯ ಕಂಬದ ಹತ್ತಿರ ನಿಂತು, ನನ್ನನ್ನು ಕರೆದರು.

"ಸರ್, ಹೆಸರು ಬೇಕಿಲ್ಲ ಅಂತ ಡಬ್ಬದ ಮೇಲೆ ಬರೆಸಿದ್ದು ನೀವು. ಈಗ ಕಾಪಿ ತರಿಸಿ ತಾಳೆ ನೋಡಿದ್ರೆ ಆ ಡಬ್ಬ ಗುಜರಿಗೆ ಹಾಕ್ರಿ. ನನ್ನ ಕಾಪೀನೂ ಅದರ ಜೊತಿಗೇ ಹಾಕ್ಬೇಕಾಗ್ತದೆ. ನಾಳೆಯಿಂದ ಒಂದು ಮಗುನೂ ಕೊನೇ ಸಾಲು ಬರೆಯಲ್ಲ."

ಅಪಾಯವಾದರೆ ಏನು ಮಾಡುವುದು ಎಂದು ಕೇಳಿದೆ. ಮಗುವಿನ ಜೀವದ ವಿಷಯದಲ್ಲಿ ನಾನು ಪ್ರಯೋಗ ಮಾಡಲಾರೆ ಎಂದೆ.

"ಮಂಗಳವಾರದ ತನಕ ಕೊಡ್ರಿ. ಅಷ್ಟರೊಳಗೆ ಏನರ ಆದ್ರೆ ನನ್ನ ಹೆಸರು ಹೇಳ್ರಿ."

ಯಾವ ಆಧಾರದ ಮೇಲೆ ಒಪ್ಪಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಬಳಿ ಯಾವ ಪುರಾವೆಯೂ ಇರಲಿಲ್ಲ. ನನ್ನ ಓದು ಬೇಡವೆನ್ನುತ್ತಿತ್ತು. ಅವರ ಗಾಬರಿಯಿಲ್ಲದ ದನಿಯಷ್ಟೇ ನನ್ನ ಮುಂದಿದ್ದದ್ದು. ಗಾಬರಿಯಿಲ್ಲದವರಿಗೆ ಒಂದೋ ಏನೋ ಗೊತ್ತಿರುತ್ತದೆ, ಇಲ್ಲವೇ ಏನೂ ಗೊತ್ತಿರುವುದಿಲ್ಲ. ನಾನು ಒಳಗೆ ಹೋಗಿ ಪುಸ್ತಕ ತರಿಸುವುದು ಬೇಡ ಎಂದೆ. ಮುಖ್ಯ ಶಿಕ್ಷಕರು ಒಂದು ಬಿಳಿ ಹಾಳೆ ಮುಂದಿಟ್ಟು, ಅದನ್ನೇ ಬರೆದುಕೊಡಿ ಎಂದರು. "ನನ್ನ ಜವಾಬ್ದಾರಿಯ ಮೇಲೆ" ಎಂದು ಬರೆದು ಸಹಿ ಮಾಡಿದೆ. ಅವರ ಜಾಗದಲ್ಲಿದ್ದರೆ ನಾನೂ ಬರೆಸಿಕೊಳ್ಳುತ್ತಿದ್ದೆ.

ಹೊರಡುವ ಮುಂಚೆ ಮೇಡಂ ಕೈಗೆ ನಾಲ್ಕು ಪ್ರಶ್ನೆ ಬರೆದ ಚೀಟಿ ಕೊಟ್ಟೆ. ಬರೆದ ಮಗು ಸಿಕ್ಕರೆ ತಿಳಿಯಲೇಬೇಕಾದವು: ಊಟ ಮಾಡುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಸಾಯುವ ಯೋಚನೆ ಬಂದಿದೆಯೇ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ. ಮೂರನೆಯದನ್ನು ಸುತ್ತಿಬಳಸದೆ ನೇರವಾಗಿ ಕೇಳಬೇಕು, ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ ಎಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, ಚೀಟಿಯನ್ನು ಪರ್ಸಿನಲ್ಲಿ ಬಸ್ ಪಾಸಿನ ಹಿಂದೆ ಇಟ್ಟುಕೊಂಡರು.

ಶನಿವಾರ ಬೆಳಗಿನ ತರಗತಿಯಲ್ಲಿ ಅವರು ಮೂರೂ ಕ್ಲಾಸಿನ ಬೋರ್ಡಿನ ಮೇಲೆ ಬರೆದ ಕಾಪಿ ವಾಕ್ಯ ಇದು: "ಹೇಳಲಾಗದ್ದನ್ನು ಕೊನೆಯ ಸಾಲಿನಲ್ಲಿ ಬರೆಯಬಹುದು, ಅದನ್ನು ಓದುವವಳು ನಾನೊಬ್ಬಳೇ." ಇಡೀ ಶಾಲೆ ಅದನ್ನು ಪುಟ ತುಂಬ ಬರೆಯಿತು. ಯಾರಿಗಾಗಿ ಬರೆಸುತ್ತಿದ್ದಾರೆಂದು ಯಾರಿಗೂ ಗೊತ್ತಾಗಲಿಲ್ಲ. ಉತ್ತರ ಮಾತ್ರ ಎಲ್ಲರ ಕೈಯಿಂದಲೂ ಹಾದು, ತಲುಪಬೇಕಾದ ಕೈಗೆ ತಲುಪಿತು. ನನ್ನ ಕೈಪಿಡಿಗಳಲ್ಲಿ ಇಂಥ ಉಪಾಯವನ್ನು ನಾನು ನೋಡಿರಲಿಲ್ಲ.

ಅದು ನನಗೆ ತಿಳಿದದ್ದು ಮಂಗಳವಾರ. ಅಲ್ಲಿಯ ತನಕ ಫೋನು ರಿಂಗಾದಾಗಲೆಲ್ಲ ಶಾಲೆಯದೇ ಇರಬೇಕೆಂದು ಓಡಿ ಎತ್ತುತ್ತಿದ್ದೆ. ಭಾನುವಾರ ಬೈಕ್ ಹತ್ತಿ ಅಂಬ್ಲಿಗೊಳ ಡ್ಯಾಮಿನ ತನಕ ಹೋಗಿ, ಇಳಿಯದೆ ವಾಪಸ್ಸು ಬಂದೆ. ಸೋಮವಾರ ಸೊರಬದ ಶಾಲೆಯಲ್ಲಿ ಕೋಪವನ್ನು ನಿಭಾಯಿಸುವುದು ಹೇಗೆ ಎಂಬ ಪಾಠ ಮಾಡುತ್ತ, ಗಲಾಟೆ ಮಾಡಿದ ಮಕ್ಕಳ ಮೇಲೆ ರೇಗಿದೆ.

ಮಂಗಳವಾರ ಮೇಡಂ ಗೇಟಿನಲ್ಲೇ ಸಿಕ್ಕರು. "ಸಿಕ್ಕಾರೆ ಸರ್. ಹೆಸರು ಕೇಳ್ಬೇಡ್ರಿ, ಅವರೇ ಬರ್ತಾರೆ," ಎಂದರು. ನನ್ನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಊಟ ಉಂಟು. ನಿದ್ದೆ ತಡವಾಗಿ ಬರುತ್ತದೆ. ತಾಯಿ ಜೊತೆಗಿದ್ದಾರೆ. ಮೂರನೆಯದನ್ನು ನಾನು ಹೇಳಿಕೊಟ್ಟ ಮಾತಿನಲ್ಲೇ ಕೇಳಿದ್ದರಂತೆ. "ಸಾಯೋ ಮಾತಲ್ಲ ಸರ್ ಅದು. ಸಾಕಾಗೈತಿ ಅಷ್ಟೆ."

ಮುಂದಿನ ಎಂಟು ಹತ್ತು ದಿನ ಚೀಟಿ ಬರೆದ ಮಗುವಿನ ಕಾಪಿ ಪುಸ್ತಕದಲ್ಲಿ ನೀಲಿ ಮತ್ತು ಕೆಂಪು ಶಾಯಿಯ ನಡುವೆ ಒಂದು ಮಾತುಕತೆ ನಡೆಯಿತು. ಕೌನ್ಸೆಲಿಂಗ್ ಸರ್‌ಗೆ ಹೇಳಲೇ ಎಂದು ಕೆಂಪು ಶಾಯಿ ಕೇಳಿತು. ಬೇಡ ಎಂದಿತು ನೀಲಿ. ಎರಡು ದಿನ ಬಿಟ್ಟು ಮತ್ತೆ ಕೇಳಿತು. ಕೊನೆಯ ಸಾಲು ಖಾಲಿ ಬಂತು. ಮೂರನೆಯ ಸಲ ಕೇಳಿದಾಗ ನೀಲಿ "ಹೂಂ" ಎಂದಿತು. ಆ ದಿನ ಊಟವಾದ ಮೇಲೆ, ನಾನು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಾಗ, ಎಂಟನೇ ತರಗತಿಯ ಒಬ್ಬ ಹುಡುಗಿ ಪಕ್ಕದ ನಲ್ಲಿ ತಿರುಗಿಸಿ, ನನ್ನ ಕಡೆ ನೋಡದೆ, ಆ ಚೀಟಿ ನಂದು ಎಂದಳು.

ತಾಯಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಆ ವರ್ಷವಷ್ಟೇ ಸೊರಬದ ಜಡೆ ಕಡೆಯಿಂದ ಬಂದು ಸೇರಿದವಳು. ಮೊದಲ ವಾರದಲ್ಲಿ ಗಣಿತದ ಮೇಷ್ಟ್ರು ಏನೋ ಕೇಳಿದಾಗ ಎದ್ದು ನಿಂತು "ಎಂತ ಸಾರ್?" ಎಂದಿದ್ದಳು. ಐತಿ, ಹೋಗೈತಿ ಎಂದು ಮಾತಾಡುವ ಕ್ಲಾಸಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವಳು "ಎಂತಕ್ಕ". ನೀರು ಕುಡಿಯಲು ಹೋದರೆ "ಎಂತ ಕುಡಿತೀ ಎಂತಕ್ಕ", ಎದ್ದು ಓದಿದರೆ ಹಿಂದಿನ ಬೆಂಚಿನಿಂದ ಅದೇ ರಾಗ. ಚೀಟಿಯಲ್ಲಿ ಅವಳ ಮನೆಮಾತಿನ ಒಂದು ಪದವೂ ಇಲ್ಲದ್ದು ಯಾಕೆಂದು ಆಗ ತಿಳಿಯಿತು.

ನಿನಗೆ ಏನಾಗಬೇಕು ಎಂದು ಕೇಳಿದೆ.

"ಅವ್ರಿಗೆ ಬೈಬೇಡಿ ಸಾರ್. ಬೈದ್ರೆ ಇನ್ನೂ ಜಾಸ್ತಿ ಮಾಡ್ತಾರೆ. ನಂಗೆ ಎಂತದೂ ಮಾಡೂದು ಬೇಡ."

ಆದರೂ ನಾನು ಮಾಡಿದೆ. ಅವಳ ಹೆಸರಾಗಲೀ ಸುಳಿವಾಗಲೀ ಬಾರದಂತೆ, ಕೈಪಿಡಿಯಲ್ಲಿದ್ದ ಒಂದು ಪಾತ್ರಾಭಿನಯ ಮಾಡಿಸಿದೆ. ಒಬ್ಬನನ್ನು ಎಲ್ಲರೂ ಅಣಕಿಸುವುದು, ಆಮೇಲೆ ಅವನಿಗೆ ಹೇಗನ್ನಿಸಿತು ಎಂದು ಚರ್ಚಿಸುವುದು. ಅಣಕಿಸುವ ಪಾತ್ರಕ್ಕೆ ಇಡೀ ತರಗತಿ ಕೈ ಎತ್ತಿತು. ಅರ್ಧ ಗಂಟೆಯಲ್ಲಿ ಅವರ ಅಣಕ ಮೊದಲಿಗಿಂತ ಚೆನ್ನಾಗಿ ಪಳಗಿತು. ಹುಡುಗಿ ಡೆಸ್ಕಿನ ಮೇಲೆ ತಲೆ ಇಟ್ಟು ಕೂತಿದ್ದಳು.

ಮೇಡಂಗೆ ಈ ಸೋಲನ್ನು ಹೇಳಿದೆ. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಮ್ಮ ಓದಿನ ಪೀರಿಯಡ್ಡಿನಲ್ಲಿ ಒಂದು ಹೊಸ ಕೆಲಸ ಶುರು ಮಾಡಿದರು. ಪಾಠದ ಕಥೆಯನ್ನು ಎದ್ದು ನಿಂತು, ಮನೆಯಲ್ಲಿ ಅಜ್ಜಿಗೆ ಹೇಳುವಂತೆ, ಮನೆಯ ಮಾತಿನಲ್ಲೇ ಹೇಳಬೇಕು. ಮೊದಲು ಎಬ್ಬಿಸಿದ್ದು "ಎಂತಕ್ಕ" ಎಂದು ಹೆಸರಿಟ್ಟ ಹುಡುಗನನ್ನೇ. ಅವನ ಮನೆ ತಾಂಡಾದಲ್ಲಿ. ಮನೆಯಲ್ಲಿ ಆಡುವುದು ಲಂಬಾಣಿ. ಅದನ್ನು ಶಾಲೆಯಲ್ಲಿ ಅವನು ಎಂದೂ ಆಡಿರಲಿಲ್ಲ. ಕೆಂಪಾಗಿ ನಿಂತ. ಕನ್ನಡದಲ್ಲಿ ಹೇಳ್ತೀನಿ ಮೇಡಂ ಎಂದ. "ನಿಮ್ಮಜ್ಜಿಗೆ ಕನ್ನಡದಾಗ ಹೇಳ್ತೀಯೇನೋ? ಪಾಪ, ಆಯಮ್ಮ ಏನ್ ತಿಳ್ಕಂತಾಳೆ," ಎಂದರು ಮೇಡಂ. ಅವನು ಹೇಳಿದ. ತರಗತಿ ನಕ್ಕಿತು, ಅರ್ಥವಾಗದ ಕಡೆ ಬೆರಗಾಯಿತು, ಕೊನೆಗೆ ಅವನೂ ನಕ್ಕ. ಮುಂದಿನ ದಿನ ಮನೆಯಲ್ಲಿ ಉರ್ದು ಆಡುವ ಹುಡುಗಿ. ಅದರ ಮುಂದಿನ ದಿನ ಹೊನ್ನಾಳಿ ಕಡೆಯ ಒಬ್ಬ.

ಶಾಲೆಗೆ ಬಂದ ದಿನಗಳಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಮಾಡುತ್ತಿದ್ದೆ. ನಗು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಎಲ್ಲರಿಗೂ ಹಂಚಿಹೋಯಿತು. ಒಬ್ಬಳ ಪಾಲಿಗೆ ಬರುತ್ತಿದ್ದುದು ನಲವತ್ತು ಜನರ ಪಾಲಾದಾಗ ತಡೆದುಕೊಳ್ಳುವಷ್ಟಾಯಿತು. ಇದನ್ನು ಹೀಗೆಯೇ ಲೆಕ್ಕ ಹಾಕಿ ಮಾಡಿದರೋ, ಮಾಡುತ್ತ ಮಾಡುತ್ತ ಹೀಗಾಯಿತೋ ಹೇಳಲಾರೆ. ಹೋಲಿಸಿ ನೋಡಲು ನನ್ನ ಬಳಿ ಇನ್ನೊಂದು ತರಗತಿಯಿರಲಿಲ್ಲ. ಕಂಡದ್ದನ್ನಷ್ಟೇ ಹೇಳಬಲ್ಲೆ. ಮೇಡಂ ಅವಳ ಹೆಸರನ್ನು ಒಂದು ಸಲವೂ ಕರೆಯಲಿಲ್ಲ. ಆ ಕಡೆ ತಿರುಗಿಯೂ ನೋಡಲಿಲ್ಲ.

ರಜೆಗೆ ಮುಂಚಿನ ಶುಕ್ರವಾರ ಅವಳೇ ಕೈ ಎತ್ತಿದಳು. "ಎಂತ ಆತು ಅಂದ್ರೆ ಅಜ್ಜಿ" ಎಂದು ಶುರು ಮಾಡಿದಳು. ತರಗತಿ ನಕ್ಕಿತು, ತಾಂಡಾದ ಹುಡುಗನಿಗೆ ನಕ್ಕಷ್ಟೇ. ಅವಳು ನಗು ಮುಗಿಯುವ ತನಕ ಪುಸ್ತಕವನ್ನು ಎದೆಗೆ ಅವಚಿಕೊಂಡು ಕಾದಳು. ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದಳು. ಕಥೆಯನ್ನು ಕೊನೆಯ ತನಕ ಹೇಳಿದಳು. ಮೇಡಂ "ಕೂತ್ಕೊ" ಎಂದರು, ಬೇರೆ ಎಲ್ಲರಿಗೂ ಎಂದ ಹಾಗೆಯೇ.

ರಜೆ ಮುಗಿದ ಮೊದಲ ದಿನ ಅವಳು ಬರಲಿಲ್ಲ. ಹಾಜರಿ ಪುಸ್ತಕವನ್ನು ಎರಡು ಸಲ ನೋಡಿದೆ. ಎರಡನೆಯ ದಿನ ಬಂದಳು. ರಜೆಗೆ ಊರಿಗೆ ಹೋದವಳಿಗೆ ಜಡೆಯಿಂದ ಬರುವ ಬಸ್ಸು ತಪ್ಪಿತ್ತಂತೆ. ಮೂರು ವರ್ಷ ಅದೇ ಶಾಲೆಯಲ್ಲಿ ಓದಿ ಹತ್ತನೆಯ ತರಗತಿ ಮುಗಿಸಿದಳು.

ಮೇಡಂ ನಿವೃತ್ತರಾದ ಮೇಲೆ ಒಮ್ಮೆ ಫೋನಿನಲ್ಲಿ ಕೇಳಿದೆ. ಅವತ್ತು ಆ ಚೀಟಿ ಯಾರದೆಂದು ನಿಮಗೆ ಗೊತ್ತಿತ್ತೇ? "ಯಾವ ಚೀಟಿ ಸರ್, ನೆನಪಿಲ್ಲ ಬಿಡ್ರಿ," ಎಂದರು. ಮನೆಗೆ ಊಟಕ್ಕೆ ಬನ್ನಿ ಎಂದರು. ಸುಳ್ಳು ಹೇಳಿದರೋ ನಿಜವಾಗಿ ಮರೆತರೋ, ಅದೂ ತಿಳಿಯಲಿಲ್ಲ. ಹೊಗಳಿಕೆಯ ಕಥೆಗಳನ್ನು ನಾನು ನಂಬುವುದಿಲ್ಲ, ನಾನೇ ಹೇಳುವ ಕಥೆಯನ್ನಂತೂ ಇನ್ನೂ ಕಡಿಮೆ. ಬಹುಶಃ ಅವರು ಧೈರ್ಯ ಮಾಡಿದ್ದರು, ಅದೃಷ್ಟ ಚೆನ್ನಾಗಿತ್ತು, ಅಷ್ಟೇ ಎಂದು ಇಟ್ಟುಕೊಂಡಿದ್ದೆ.

ಇದನ್ನು ಬರೆಯುವ ಮುಂಚೆ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಕಂಡು ಒಪ್ಪಿಗೆ ಕೇಳಿದೆ. ಈಗ ಅವಳು ಪಿ.ಯು. ಓದುತ್ತಿದ್ದಾಳೆ. "ಬರೀರಿ ಸಾರ್, ಹೆಸರು ಹಾಕ್ಬೇಡಿ," ಎಂದಳು. ತಾಯಿಗೆ ನೆನಪಿದ್ದದ್ದು ಒಂದೇ ವಿಷಯ. ಚೀಟಿ ಬಂದ ಆ ವಾರ ಒಂದು ಸಂಜೆ ಮೇಡಂ ಮೂರು ಸ್ಟಾಪ್ ಮುಂಚೆಯೇ ಬಸ್ಸಿಳಿದು, ಕರಿಬೇವು ಕೇಳಿಕೊಂಡು ಮನೆಗೆ ಬಂದಿದ್ದರು. ಕತ್ತಲಾಗುವ ತನಕ ಕೂತು, ಮಗಳ ಜೊತೆ ಅವಲಕ್ಕಿ ತಿಂದು, ಕರಿಬೇವನ್ನು ಅಲ್ಲೇ ಮರೆತು ಹೋಗಿದ್ದರು. ಗುರುವಾರವೋ ಶುಕ್ರವಾರವೋ ನೆನಪಿಲ್ಲ ಎಂದರು. ನೆನಪಿನ ಮೇಲೆ ನನಗಿರುವ ನಂಬಿಕೆ ಎಷ್ಟೆಂದು ಹೇಳಿದ್ದೇನೆ.

ಹುಡುಗಿ ಒಳಗೆ ಹೋಗಿ ಎಂಟನೇ ತರಗತಿಯ ಕಾಪಿ ಪುಸ್ತಕ ತಂದು ಕೊಟ್ಟಳು. ನನ್ನ ಫೈಲಿನಲ್ಲಿದ್ದ ಚೀಟಿಯ ಹರಿದ ಮೂಲೆಯಲ್ಲಿ ಏನಿದ್ದಿರಬೇಕು ಎಂದು ನನಗೆ ಹೊಳೆದದ್ದು ಆ ಪುಸ್ತಕದ ಪುಟ ಸಂಖ್ಯೆಗಳನ್ನು ನೋಡಿದ ಮೇಲೆಯೇ. ಎಂಬತ್ತೆರಡು ಆದ ಮೇಲೆ ಎಂಬತ್ತೈದು ಇತ್ತು. ಎಂಬತ್ತೈದನೆಯ ಪುಟದ ಕೊನೆಯ ಸಾಲು ಖಾಲಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಹಾಳೆ ಕಿತ್ತರೆ ಹತ್ತು ಪುಟ ದಂಡ ಹಾಕುವವರ ಅಕ್ಷರದಲ್ಲಿ, "ಒಂದು ಹಾಳೆ ಇಲ್ಲ. ಪರವಾಗಿಲ್ಲ" ಎಂದಿತ್ತು. ಕೆಳಗೆ ಸಹಿ, ತಾರೀಖು. ನನ್ನ ಡೈರಿ ತೆಗೆದು, ಆ ವರ್ಷದ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಪೆಟ್ಟಿಗೆ ತೆರೆದದ್ದು ಶುಕ್ರವಾರ. ಕೆಂಪು ಶಾಯಿಯ ತಾರೀಖು ಅದರ ಹಿಂದಿನ ದಿನ, ಗುರುವಾರದ್ದು.